ಭಾನುವಾರ ಶಟರ್ ಎಳೆದರೆ ಗಿರಾಕಿ ಹೋಗುತ್ತಾರಾ?

ಓದುಗರ ಪ್ರಶ್ನೆ: "ಶಹಾಪುರದಲ್ಲಿ ತಹಶೀಲ್ ಕಚೇರಿ ಹತ್ತಿರ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್ ಇದೆ. ಒಬ್ಬನೇ ನಡೆಸುತ್ತೇನೆ. ವಯಸ್ಸು 34. ಬೆಳಿಗ್ಗೆ ಎಂಟೂವರೆಗೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ ಒಂಬತ್ತಕ್ಕೆ. ಮಧ್ಯಾಹ್ನ ಊಟಕ್ಕೆ ಒಂದು ಗಂಟೆ. ಭಾನುವಾರ 9ರಿಂದ 2ರವರೆಗೆ. ಮನೆಗೆ ಹೋದ ಮೇಲೂ ವಾಟ್ಸಾಪ್‌ನಲ್ಲಿ ಆಧಾರ್, ಫೋಟೋ ಬರುತ್ತಲೇ ಇರುತ್ತವೆ. ಅದಕ್ಕೂ ದಿನಾ ಒಂದು ಗಂಟೆ. ಬಾಡಿಗೆ, ಮಷೀನ್ ಸಾಲದ ಕಂತು, ಪೇಪರ್, ಕರೆಂಟ್, ನೆಟ್ ಎಲ್ಲಾ ಕಳೆದು ತಿಂಗಳಿಗೆ ಸುಮಾರು 28,000 ಉಳಿಯುತ್ತದೆ. ಭಾನುವಾರ ಖರ್ಚು ಕಳೆದು 400 ಸಿಕ್ಕರೆ ಹೆಚ್ಚು. ಹೋದ ತಿಂಗಳು ತಮ್ಮನ ಮಗನ ಜವಳ ಇತ್ತು. ಅರ್ಧ ಗಂಟೆ ಹೋಗಿ, ಊಟಾನೂ ಮಾಡದೆ ವಾಪಸ್ ಬಂದೆ. ಅವತ್ತು ಅಂಗಡಿಗೆ ಬಂದದ್ದು ಮೂರೇ ಜನ. ಈಗ ಬಿಪಿ ಶುರುವಾಗಿದೆ, ಡಾಕ್ಟರ್ ಗುಳಿಗೆ ಕೊಟ್ಟಿದ್ದಾರೆ. ವಾರಕ್ಕೆ ನಾಲ್ಕೇ ದಿನ ದುಡಿದು ಅಷ್ಟೇ ಗಳಿಸಬಹುದು ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಆದರೆ ನನ್ನ ಎದುರಿಗೇ ಇನ್ನೊಂದು ಸೆಂಟರ್ ಇದೆ. ಒಂದು ದಿನ ಮುಚ್ಚಿದರೆ ನನ್ನ ಗಿರಾಕಿ ಅಲ್ಲಿಗೆ ಹೋಗಿ ಅಲ್ಲೇ ಉಳಿದುಬಿಟ್ಟರೆ? ಅಪ್ಪ ಬೇರೆ 'ನಡಿಯೋ ಅಂಗಡಿ ಬಾಗಲಾ ಹಾಕಬಾರ್ದು, ಲಕ್ಷ್ಮಿ ಹೋಗ್ತಾಳ' ಅಂತಾರೆ. ಏನು ಮಾಡಲಿ?"

ಕಲಬುರಗಿಯಲ್ಲಿ 20 ವರ್ಷಕ್ಕಿಂತ ಜಾಸ್ತಿ ಕಾಲದಿಂದ ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡುತ್ತಿದ್ದೇನೆ. ಒಬ್ಬರೇ ನಡೆಸುವ ಅಂಗಡಿಯ ಲೆಕ್ಕ ನೋಡುವಾಗ, ಮಾಲೀಕರ ಸುಸ್ತು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ನೀವು ಗಂಟೆ, ಗಳಿಕೆ ಎರಡನ್ನೂ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಮೊದಲು ಅದನ್ನೇ ಕೂಡಿಸೋಣ.

ಸೋಮವಾರದಿಂದ ಶನಿವಾರ, ಊಟದ ಸಮಯ ಬಿಟ್ಟು ದಿನಕ್ಕೆ ಹನ್ನೊಂದೂವರೆ ಗಂಟೆ. ಆರು ದಿನಕ್ಕೆ 69. ಭಾನುವಾರ 5. ರಾತ್ರಿಯ ವಾಟ್ಸಾಪ್ 7. ಒಟ್ಟು ವಾರಕ್ಕೆ 81 ಗಂಟೆ. ತಿಂಗಳಿಗೆ ಹತ್ತಿರ ಹತ್ತಿರ 350. ನಿಮ್ಮ 28,000ವನ್ನು ಅದರಿಂದ ಭಾಗಿಸಿದರೆ ಗಂಟೆಗೆ 80 ರೂಪಾಯಿ. ನಿಮ್ಮ ಕೆಲಸ ನಿಮಗೆ ಕೊಡುತ್ತಿರುವ ಕೂಲಿ ಇದು. ಬೇಸರವಾಗಲಿ ಅಂತ ಹೇಳುತ್ತಿಲ್ಲ. ಯಾವ ಗಂಟೆ ಬಿಟ್ಟರೆ ಎಷ್ಟು ಹೋಗುತ್ತದೆ ಎಂದು ಅಳೆಯಲು ಈ ಒಂದು ಅಂಕಿ ಕೈಯಲ್ಲಿರಬೇಕು.

ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಅದರ ಪ್ರಕಾರ ಕೆಲಸಗಾರನಿಂದ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ಮಾಮೂಲಿ ಕೆಲಸ ಮಾಡಿಸುವಂತಿಲ್ಲ. ವಾರಕ್ಕೊಂದು ರಜೆಯನ್ನೂ ಕೊಡಬೇಕು. ನಿಮ್ಮ ಅಂಗಡಿಗೆ ಒಬ್ಬ ಹುಡುಗನನ್ನು ಇಟ್ಟುಕೊಂಡು 81 ಗಂಟೆ ದುಡಿಸಿದ್ದರೆ ನೀವೇ ತಪ್ಪಿತಸ್ಥರಾಗುತ್ತಿದ್ದಿರಿ. ಮಾಲೀಕ ತನ್ನನ್ನೇ ದುಡಿಸಿಕೊಂಡರೆ ಕೇಳುವವರು ಯಾರೂ ಇಲ್ಲ.

ಈಗ ಆ ವಿಡಿಯೋಗಳ ವಿಷಯ. ನಾಲ್ಕು ದಿನದ ವಾರದ ಪ್ರಯೋಗಗಳು ನಡೆದದ್ದು ನಿಜ. ಬ್ರಿಟನ್‌ನಲ್ಲಿ 2022ರ ಜೂನ್‌ನಿಂದ ಡಿಸೆಂಬರ್‌ವರೆಗೆ 61 ಕಂಪನಿಗಳು, ಸುಮಾರು 2,900 ನೌಕರರು ಅದರಲ್ಲಿದ್ದರು. ಬಹುಪಾಲು ಕಂಪನಿಗಳು ಆಮೇಲೂ ಅದನ್ನೇ ಮುಂದುವರಿಸಿದವು. ಆದರೆ ಅವರೆಲ್ಲ ಸಂಬಳದವರು. ಕೆಲಸದ ಸಮಯ ಇಳಿದರೂ ಪಗಾರ ಇಳಿಯಲಿಲ್ಲ. ನಿಮಗೆ ಒಂದು ಅರ್ಜಿ ತುಂಬಿದರೆ ದುಡ್ಡು, ತುಂಬದಿದ್ದರೆ ಇಲ್ಲ. ಹಾಗಾಗಿ ಆ ಪ್ರಯೋಗವನ್ನು ಎತ್ತಿ ಶಹಾಪುರಕ್ಕೆ ತಂದು ಇಡಲು ಬರುವುದಿಲ್ಲ. ಮೂರು ದಿನ ಶಟರ್ ಎಳೆದು ಅಷ್ಟೇ ಗಳಿಸುತ್ತೀರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಂತ ಹೆಚ್ಚು ಗಂಟೆ ಕೂತಷ್ಟೂ ಹೆಚ್ಚು ದುಡ್ಡು ಎಂಬುದೂ ಸುಳ್ಳು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಯಾರು ಎಷ್ಟು ಗಂಟೆ ದುಡಿದರು, ಎಷ್ಟು ಮಾಲು ತೆಗೆದರು ಎಂದು ಬರೆದಿಟ್ಟಿದ್ದರು. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ ಆ ಹಳೆಯ ಲೆಕ್ಕವನ್ನು 2014ರಲ್ಲಿ ಮತ್ತೆ ಬಿಡಿಸಿ ನೋಡಿದರು. ವಾರಕ್ಕೆ 50 ಗಂಟೆಯ ಆಸುಪಾಸಿನವರೆಗೆ ಗಂಟೆ ಏರಿದಂತೆ ಕೆಲಸವೂ ಏರುತ್ತದೆ. ಆಮೇಲೆ ಸೇರಿಸಿದ ಗಂಟೆಗಳಿಂದ ಬರುವುದು ಕಡಿಮೆಯಾಗುತ್ತಾ ಹೋಗುತ್ತದೆ. ಭಾನುವಾರದ ರಜೆ ಇಲ್ಲದ ವಾರಗಳಲ್ಲಿ ಕೆಲಸ ಕೆಡುವುದೂ ಅದರಲ್ಲಿ ಕಂಡಿತ್ತು.

ನಿಮ್ಮ ಕಸುಬಿನಲ್ಲಿ ಸುಸ್ತು ಎಲ್ಲಿ ಕಾಣುತ್ತದೆ ಗೊತ್ತಾ? ಅಕ್ಷರದಲ್ಲಿ. ರಾತ್ರಿ ಎಂಟೂವರೆಗೆ ತುಂಬಿದ ಅರ್ಜಿಯಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಪ್ಪುತ್ತದೆ, ಇಲ್ಲವೇ ಹುಟ್ಟಿದ ತಾರೀಕು ಹಿಂದೆಮುಂದೆ ಆಗುತ್ತದೆ. ಹದಿನೈದು ದಿನ ಬಿಟ್ಟು ಅರ್ಜಿ ರಿಜೆಕ್ಟ್. ಆ ಹುಡುಗಿ ಅಪ್ಪನನ್ನು ಕರೆದುಕೊಂಡು ಹಳ್ಳಿಯಿಂದ ಮತ್ತೆ ಬಸ್ ಹತ್ತಿ ಬರಬೇಕು. ನೀವು ಬಿಟ್ಟಿಯಾಗಿ ಇನ್ನೊಮ್ಮೆ ತುಂಬಿ ಕೊಡಬೇಕು. ನನ್ನ ಹತ್ತಿರ ಲೆಕ್ಕಕ್ಕೆ ಬರುವ ಒಬ್ಬ ಸೆಂಟರ್‌ನವರಿಗೆ ಮರು ಅರ್ಜಿಗಳನ್ನೆಲ್ಲ ಒಂದು ಪುಟದಲ್ಲಿ ಬರೆಯಲು ಹೇಳಿದ್ದೆ. ತಿಂಗಳ ಕೊನೆಗೆ ನೋಡಿದರೆ ಅರ್ಧಕ್ಕಿಂತ ಹೆಚ್ಚು ಸಂಜೆ ಏಳರ ನಂತರ ತುಂಬಿದವು.

ಹಾಗಾದರೆ ನಿಮ್ಮ ವಾರ ಇಷ್ಟು ಉದ್ದ ಏಕಾಯಿತು? ನನ್ನ ಅನುಭವದಲ್ಲಿ, ಇಂಥ ಅಂಗಡಿಗಳಲ್ಲಿ ಸಮಯ ತಿನ್ನುವುದು ಕೆಲಸಕ್ಕಿಂತ ಕಾಯುವುದೇ ಜಾಸ್ತಿ.

ಒಟಿಪಿಯನ್ನೇ ತೆಗೆದುಕೊಳ್ಳಿ. ಅಜ್ಜಿ ಪಿಂಚಣಿ ಅರ್ಜಿಗೆ ಬಂದಿರುತ್ತಾರೆ. ಆಧಾರ್‌ಗೆ ಜೋಡಿಸಿದ ನಂಬರ್ ಮಗನದು. ಮಗ ಬೆಂಗಳೂರಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸದಲ್ಲಿರುತ್ತಾನೆ, ಫೋನ್ ಎತ್ತುವುದಿಲ್ಲ. ಎತ್ತಿ ನಂಬರ್ ಹೇಳುವಷ್ಟರಲ್ಲಿ ಒಟಿಪಿಯ ಸಮಯ ಮುಗಿದಿರುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ. ಹಿಂದೆ ನಾಲ್ಕು ಜನ "ಅಣ್ಣಾ, ನಂದೊಂದು ಪಹಣಿ ತೆಗಿರಿ" ಅಂತ ನಿಂತಿರುತ್ತಾರೆ. ಇನ್ನೊಂದು ಸರ್ವರ್. ಮಧ್ಯಾಹ್ನದ ಹೊತ್ತಿಗೆ ಅದು ಕುಂಟಲು ಶುರುಮಾಡಿದರೆ ನೀವೂ ಗಿರಾಕಿಯೂ ಸುತ್ತುವ ಚಕ್ರ ನೋಡುತ್ತಾ ಕೂರುತ್ತೀರಿ. ಮೂರನೆಯದು ಬರೀ ಕಾಯುವುದು. ಯಾರಾದರೂ ಬಂದಾರು ಅಂತ ರಾತ್ರಿ ಎಂಟರಿಂದ ಒಂಬತ್ತು, ಭಾನುವಾರ ಹನ್ನೆರಡರಿಂದ ಎರಡು. ಜವಳದ ಊಟ ಬಿಟ್ಟು ನೀವು ಕಾದದ್ದು ಮೂರು ಜನರಿಗೆ.

ಕಾಯುವುದರಿಂದಲೂ ದಣಿವಾಗುತ್ತದೆ. ಕೆಲಸ ಮಾಡಿದ ಸಮಾಧಾನವಂತೂ ಸಿಗುವುದಿಲ್ಲ. ಆದ್ದರಿಂದ ಮೊದಲು ಕಾಯುವ ಗಂಟೆಗಳನ್ನು ಕತ್ತರಿಸಿ, ಗಳಿಕೆಯ ಗಂಟೆಗಳನ್ನು ಮುಟ್ಟಬೇಡಿ.

ಅದಕ್ಕೊಂದು ನೋಟ್‌ಬುಕ್ ಇಡಿ. ಎರಡು ವಾರ ಸಾಕು. ಪ್ರತಿ ಗಂಟೆ ಮುಗಿದಾಗ ಎಷ್ಟು ದುಡ್ಡು ಬಂತು, ಎಷ್ಟು ಹೊತ್ತು ಕೈ ಖಾಲಿ ಇತ್ತು, ಇಷ್ಟೇ. ಸಂತೆ ದಿನವನ್ನು ಬೇರೆ ಗುರುತು ಮಾಡಿ. ಎಲ್ಲಾ ಆದಾಯವನ್ನು ಮೊಬೈಲ್ ಪೇಮೆಂಟ್‌ನ ಪಟ್ಟಿಯಿಂದ ನೋಡಿಕೊಳ್ಳುತ್ತೇನೆ ಅಂದುಕೊಳ್ಳಬೇಡಿ. ಎರಡು ರೂಪಾಯಿ ಝೆರಾಕ್ಸ್‌ನ ಚಿಲ್ಲರೆ ಅದರಲ್ಲಿ ಇರುವುದಿಲ್ಲ.

ಇನ್ನು ನಿಮ್ಮ ದೊಡ್ಡ ಭಯ, ಎದುರಿನ ಸೆಂಟರ್. ಅದರಲ್ಲಿ ಅರ್ಧ ನಿಜ ಇದೆ. ಒಂದು ಝೆರಾಕ್ಸ್, ಒಂದು ಲ್ಯಾಮಿನೇಷನ್‌ಗೆ ಬಂದವರು ಎಲ್ಲಿ ಬಾಗಿಲು ತೆರೆದಿದೆಯೋ ಅಲ್ಲಿಗೆ ಹೋಗುತ್ತಾರೆ. ಹೋಗಲಿ. ಆದರೆ ಮಗಳ ಸ್ಕಾಲರ್‌ಶಿಪ್ ಅರ್ಜಿ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ, ಬೆಳೆ ವಿಮೆ ಇವಕ್ಕೆಲ್ಲ ಜನ ಕೈ ನೋಡಿ ಬರುತ್ತಾರೆ. ಹೋದ ಸಲ ನೀವು ಸರಿಯಾಗಿ ಮಾಡಿಕೊಟ್ಟಿದ್ದರೆ ಸೋಮವಾರದವರೆಗೆ ಕಾಯುತ್ತಾರೆ. ಅವರು ಸಿಟ್ಟಾಗುವುದು ಹೇಳದೆ ಮುಚ್ಚಿದಾಗ. ಹದಿನೈದು ಕಿಲೋಮೀಟರ್ ಬಂದು ಬೀಗ ನೋಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಎಂದೋ ಒಮ್ಮೆ ಮುಚ್ಚುವ ಅಂಗಡಿಗಿಂತ ಪ್ರತಿ ಭಾನುವಾರ ಮುಚ್ಚುವ ಅಂಗಡಿ ಗಿರಾಕಿಗೆ ಸುಲಭ.

ಭಾನುವಾರದ ಲೆಕ್ಕ ಸರಳ. 400 ರೂಪಾಯಿಯಂತೆ ತಿಂಗಳಿಗೆ ಸುಮಾರು 1,700. ಅಷ್ಟೂ ಹೋಯಿತು, ಒಂದು ಪೈಸೆಯೂ ಸೋಮವಾರಕ್ಕೆ ದಾಟಲಿಲ್ಲ ಅಂತ ಇಟ್ಟುಕೊಂಡರೂ ನಿಮ್ಮ ಉಳಿತಾಯದ ನೂರಕ್ಕೆ ಆರು ಪಾಲು. ಇದಕ್ಕಿಂತ ಕೆಟ್ಟದ್ದು ಆಗಲಾರದು. ಅದೂ ತಹಶೀಲ್ ಕಚೇರಿಯನ್ನು ನಂಬಿದ ಅಂಗಡಿಗೆ ಭಾನುವಾರ ಮೊದಲೇ ಸಪ್ಪೆ. ರಾಜ್ಯ ಸರ್ಕಾರದ ಕಚೇರಿಗಳಿಗೂ ಬ್ಯಾಂಕುಗಳಿಗೂ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇದೆ. ಆ ಎರಡು ಶನಿವಾರ ಮಧ್ಯಾಹ್ನದ ಮೇಲೆ ನಿಮ್ಮ ಗಲ್ಲಾಪೆಟ್ಟಿಗೆ ಏನು ಹೇಳುತ್ತದೆ ಎಂದು ನೋಟ್‌ಬುಕ್‌ನಲ್ಲಿ ನೋಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಶುರುಮಾಡುತ್ತಿದ್ದೆ. ಸೋಮವಾರದಿಂದ ಶನಿವಾರ ಬೆಳಿಗ್ಗೆ 9ರಿಂದ ಸಂಜೆ ಏಳೂವರೆ. ಮಧ್ಯಾಹ್ನ 2ರಿಂದ ಮೂರೂವರೆ ಶಟರ್ ಅರ್ಧ ಇಳಿದಿರಲಿ. ಮನೆಗೆ ಹೋಗಿ ಉಣ್ಣಿ, ಅರ್ಧ ಗಂಟೆ ಮಲಗಿ. ಎರಡನೇ, ನಾಲ್ಕನೇ ಶನಿವಾರ ಮಧ್ಯಾಹ್ನ ಎರಡಕ್ಕೇ ಮುಗಿಸಿ. ಭಾನುವಾರ ಪೂರ್ತಿ ರಜೆ. ರಾತ್ರಿ ವಾಟ್ಸಾಪ್ ಇಲ್ಲ. ಕೂಡಿಸಿದರೆ ವಾರಕ್ಕೆ ಸುಮಾರು 52 ಗಂಟೆ ಆಗುತ್ತದೆ. 81ರಿಂದ 52. ಒಬ್ಬರೇ ದುಡಿಯುವವರಿಗೆ ಮೊದಲ ಹೆಜ್ಜೆಗೆ ಇದು ಸಾಕು.

52 ಎಂದದ್ದಕ್ಕೆ ಇನ್ನೊಂದು ಕಾರಣ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಧ್ಯಯನ ಹೊರತಂದವು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ನೂರಕ್ಕೆ 35ರಷ್ಟು ಜಾಸ್ತಿ. ಹೃದ್ರೋಗದಿಂದ ಸಾಯುವ ಅಪಾಯ 17ರಷ್ಟು ಜಾಸ್ತಿ. ನಿಮಗೆ ಈಗಲೇ ಬಿಪಿ ಇದೆ. ಗುಳಿಗೆ, ಉಪ್ಪು, ನಡಿಗೆ ಎಲ್ಲ ಡಾಕ್ಟರ್ ಹೇಳಿದಂತೆ ಮಾಡಿ. ದಿನಕ್ಕೆ ಎಷ್ಟು ಗಂಟೆ ಅಂಗಡಿಯಲ್ಲಿ ಕೂರುತ್ತೀರಿ ಎಂಬುದನ್ನೂ ಅವರಿಗೆ ಮುಚ್ಚಿಡದೆ ಹೇಳಿ.

ಗಂಟೆ ಇಳಿಸಿದರೂ ಕೆಲಸ ಹಿಡಿಯಬೇಕಲ್ಲ? ಅದಕ್ಕೆ ಕೆಲಸಗಳನ್ನು ಬೇರೆ ಬೇರೆ ಮಾಡಿ. ಒಟಿಪಿ ಬೇಕಾದ, ಉದ್ದದ ಅರ್ಜಿಗಳಿಗೆ ಬೆಳಿಗ್ಗೆ 9ರಿಂದ 12. ಚೀಟಿ ಕೊಟ್ಟು ಸಮಯ ಹೇಳಿ ಕರೆಯಿರಿ. ಚೀಟಿಯಲ್ಲೇ ಬೇಕಾದ ಕಾಗದಗಳ ಪಟ್ಟಿ ಇರಲಿ. "ಆಧಾರ್ ನಂಬರಿನ ಫೋನ್ ಯಾರ ಹತ್ತಿರ ಇದೆಯೋ ಅವರು ಆ ಹೊತ್ತಿಗೆ ಫೋನ್ ಎತ್ತಬೇಕು" ಎಂಬ ಮಾತೂ ದೊಡ್ಡ ಅಕ್ಷರದಲ್ಲಿರಲಿ. ಬೆಂಗಳೂರಿನ ಮಗನಿಗೆ ಹಿಂದಿನ ರಾತ್ರಿಯೇ ಹೇಳಿಟ್ಟರೆ ಆ ಮುಕ್ಕಾಲು ಗಂಟೆ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಝೆರಾಕ್ಸ್, ಪಹಣಿ, ಫೋಟೋ ಪ್ರಿಂಟ್ ಇಡೀ ದಿನ ನಡೆಯಲಿ. ಇದರಲ್ಲೂ ತೊಂದರೆ ಇದೆ. ಮೊದಲ ತಿಂಗಳು ಚೀಟಿ ಇಲ್ಲದೆ ಬಂದವರು ಗೊಣಗುತ್ತಾರೆ. ದೂರದ ಹಳ್ಳಿಯಿಂದ ಬಂದ ವಯಸ್ಸಾದವರನ್ನು ಚೀಟಿ ಇಲ್ಲ ಎಂದು ವಾಪಸ್ ಕಳಿಸಬೇಡಿ. ಅವರಿಗಾಗಿ ದಿನಾ ಅರ್ಧ ಗಂಟೆ ಖಾಲಿ ಇಟ್ಟಿರಿ.

ಅಂಗಡಿಯ ಮುಂದೆ ಒಂದು ಬೋರ್ಡ್ ಹಾಕಿ. ಅದರಲ್ಲಿ ಎರಡು ತಾರೀಕು ಬರೆಯಿರಿ. ಒಂದು ಸರ್ಕಾರದ ಕೊನೆಯ ದಿನ, ಇನ್ನೊಂದು ಅದಕ್ಕಿಂತ ಮೂರು ದಿನ ಮೊದಲು, ನಿಮ್ಮ ಅಂಗಡಿಯ ಕೊನೆಯ ದಿನ. ನೂಕುನುಗ್ಗಲು ಪೂರ್ತಿ ನಿಲ್ಲುವುದಿಲ್ಲ, ಆದರೆ ಹರಡಿಕೊಳ್ಳುತ್ತದೆ. ನಿಜವಾದ ಕೊನೆಯ ದಿನ ಭಾನುವಾರವೇ ಬಂದರೆ ಅಂಗಡಿ ತೆರೆಯಿರಿ, ಮಂಗಳವಾರ ಅರ್ಧ ದಿನ ತೆಗೆದುಕೊಳ್ಳಿ. ಹುಡುಗರ ಒಂದು ವರ್ಷ ಹಾಳಾಗುವ ವಿಷಯದಲ್ಲಿ ಹಟ ಬೇಡ.

ವಾಟ್ಸಾಪ್‌ಗೆ ಅಂಗಡಿಯದೇ ಬೇರೆ ನಂಬರ್ ಮಾಡಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆ ಸಿಗುತ್ತದೆ. ಅಂಗಡಿ ಮುಚ್ಚಿದ ಹೊತ್ತಿನಲ್ಲಿ "ನಾಳೆ 9ಕ್ಕೆ ನೋಡುತ್ತೇವೆ" ಎಂಬ ಉತ್ತರ ತಾನೇ ಹೋಗುವಂತೆ ಅದರಲ್ಲಿ ಇಡಬಹುದು. ಆ ಫೋನ್ ಅಂಗಡಿಯಲ್ಲೇ ಇರಲಿ. ಮಾತು ಬಂತು ಅಂತ ಹೇಳುತ್ತೇನೆ, ಜನರ ಆಧಾರ್, ಪಾಸ್‌ಬುಕ್ ಚಿತ್ರಗಳನ್ನು ಕೆಲಸ ಮುಗಿದ ಮೇಲೆ ಫೋನ್‌ನಿಂದಲೂ ಕಂಪ್ಯೂಟರ್‌ನಿಂದಲೂ ಅಳಿಸಿ. ನಂಬಿ ಕೊಟ್ಟಿರುತ್ತಾರೆ. ಒಂದು ಫೋನ್ ಕಳೆದರೆ ಇಡೀ ತಾಲೂಕಿನ ಕಾಗದ ಕಳೆದಂತೆ.

ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಳ್ಳುವುದು ಇನ್ನೊಂದು ದಾರಿ. ಈಗಲೇ ಬೇಡ ಎನ್ನುತ್ತೇನೆ. ಸಂಜೆ ಹೊತ್ತಿಗೆ ಮಾತ್ರ ಎಂದರೂ ಸಂಬಳ ಭಾನುವಾರಗಳ ಗಳಿಕೆಗಿಂತ ಜಾಸ್ತಿ ಆಗುತ್ತದೆ. ನಿಮ್ಮ ಲಾಗಿನ್, ಪಾಸ್‌ವರ್ಡ್ ಇನ್ನೊಬ್ಬರ ಕೈಗೆ ಹೋಗುತ್ತದೆ. ತಪ್ಪಾದರೆ ಹೊಣೆ ನಿಮ್ಮದೇ. ಸೀಸನ್‌ನಲ್ಲಿ, ಝೆರಾಕ್ಸ್ ಮಷೀನ್‌ಗೆ ಮಾತ್ರ ಎಂದು ಮುಂದೆ ಯೋಚಿಸಿ.

ದರ ಏರಿಸುವುದು? ಸರ್ಕಾರ ದರ ಗೊತ್ತು ಮಾಡಿದ ಸೇವೆಗೆ ಒಂದು ರೂಪಾಯಿಯನ್ನೂ ಹೆಚ್ಚು ತೆಗೆದುಕೊಳ್ಳಬೇಡಿ. ಅದು ತಪ್ಪು, ಲಾಗಿನ್ ಹೋಗುವ ಅಪಾಯವೂ ಇದೆ. ಬಯೋಡೇಟಾ, ಟೈಪಿಂಗ್, ಸ್ಕ್ಯಾನಿಂಗ್, ಮದುವೆಯ ಪತ್ರಿಕೆಯಂಥ ನಿಮ್ಮದೇ ಕೆಲಸಗಳಿಗೆ ಐದು ಹತ್ತು ರೂಪಾಯಿ ಏರಿಸಬಹುದು. ಆ 1,700ರಲ್ಲಿ ಒಂದಷ್ಟು ಅಲ್ಲೇ ತುಂಬಿಕೊಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಎದುರಿನ ಅಂಗಡಿಯವರ ಜೊತೆ ಮಾತಾಡುವುದು. ಅವರೂ ನಿಮಗೆ ಹೆದರಿಯೇ ಭಾನುವಾರ ತೆರೆಯುತ್ತಿರಬಹುದು. ನಾನು ಲೆಕ್ಕ ನೋಡುವ ಒಂದು ಊರಿನಲ್ಲಿ ಇಬ್ಬರು ಝೆರಾಕ್ಸ್‌ನವರು ಹೀಗೇ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಕಾಯುತ್ತಾ ಕೂತಿದ್ದರು. ಕೊನೆಗೆ ಒಂದು ಚಹಾ ಕುಡಿಯುತ್ತಾ ಪಾಳಿ ಮಾಡಿಕೊಂಡರು. ಒಂದು ಭಾನುವಾರ ಇವರು, ಮುಂದಿನದು ಅವರು. ಮುಚ್ಚಿದ ಅಂಗಡಿಯ ಬಾಗಿಲಿಗೆ ತೆರೆದ ಅಂಗಡಿಯ ಹೆಸರು ಬರೆದ ಹಲಗೆ. ಊರಿಗೂ ಅನುಕೂಲವಾಯಿತು. ಅವರು ಒಪ್ಪದಿದ್ದರೆ ನಿಮಗೇನೂ ನಷ್ಟ ಇಲ್ಲ, ಭಾನುವಾರ ಮುಚ್ಚುವುದು ಇದ್ದೇ ಇದೆ.

ವರ್ಷದ ಎಲ್ಲಾ ವಾರವೂ ಒಂದೇ ಅಳತೆಯದಾಗಿರಬೇಕಿಲ್ಲ. ಮೇ ತಿಂಗಳ ಫಲಿತಾಂಶದಿಂದ ಹಿಡಿದು ಜುಲೈ ಕೊನೆಯ ಬೆಳೆ ವಿಮೆಯವರೆಗೆ ನಿಮಗೆ ಸುಗ್ಗಿ. ಆಗ ಸಂಜೆ ಒಂದು ಗಂಟೆ ಹೆಚ್ಚು ಕೂರಿ, ಭಾನುವಾರದ ರಜೆ ಮಾತ್ರ ಬಿಡಬೇಡಿ. ಬೇಸಿಗೆಗೆ ನಮ್ಮ ಭಾಗದಲ್ಲಿ ಒಂದು ಒಳ್ಳೆಯ ರೂಢಿ ಇದೆ. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆವರೆಗೆ ನಡೆಯುತ್ತವೆ. ಆಗ ನೀವೂ ಏಳೂವರೆಗೆ ತೆರೆದು ಒಂದೂವರೆಗೆ ಮುಚ್ಚಿ, ಬಿಸಿಲು ಇಳಿದ ಮೇಲೆ ಐದರಿಂದ ಏಳೂವರೆ ಕೂರಬಹುದು. 42 ಡಿಗ್ರಿಯಲ್ಲಿ ಮಧ್ಯಾಹ್ನ ಮೂರಕ್ಕೆ ಪಹಣಿ ಕೇಳಿಕೊಂಡು ಬರುವವರು ಕಡಿಮೆ.

ಅಪ್ಪನ ಮಾತು. ಅವರನ್ನು ಮೂಢನಂಬಿಕೆ ಎಂದು ತಳ್ಳಬೇಡಿ. ಅಂಗಡಿ ಮುಚ್ಚಿ ಮುಚ್ಚಿಯೇ ಹಾಳಾದವರನ್ನು ಅವರು ಕಂಡಿರುತ್ತಾರೆ. ಅವರು ಹೊಲ ಮಾಡಿದವರಾದರೆ ಒಂದು ಮಾತು ಕೇಳಿ. ಸೋಮವಾರ ಬಸವಣ್ಣನ ದಿನ ಅಂತ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಿತ್ತನೆ ಹದ ಇದ್ದಾಗಲೂ ಎತ್ತಿಗೆ ಆ ದಿನ ಬಿಡುವು. ಅಪ್ಪನಿಗೆ ನಿಮ್ಮ ಭಾನುವಾರ ಈ ದಾರಿಯಲ್ಲಿ ಬೇಗ ಅರ್ಥವಾಗಬಹುದು. ಜೊತೆಗೆ 28,000 ಮತ್ತು 1,700 ಎಂಬ ಎರಡು ಅಂಕಿಯನ್ನೂ ತೋರಿಸಿ.

ಶುರುಮಾಡುವ ಮೊದಲು ಒಂದು ಬಂದೋಬಸ್ತ್. ಒಂದು ತಿಂಗಳ ಬಾಡಿಗೆ ಮತ್ತು ಮಷೀನ್ ಕಂತಿನ ದುಡ್ಡು ಬೇರೆ ಖಾತೆಯಲ್ಲಿರಲಿ. ಅದಿಲ್ಲದಿದ್ದರೆ ಮೊದಲ ಸಪ್ಪೆ ವಾರಕ್ಕೇ ಹೆದರಿ ಮತ್ತೆ ಶಟರ್ ಎತ್ತುತ್ತೀರಿ. ಮನೆ ಖರ್ಚಿಗೆ ಬೇಕಾದಾಗ ಗಲ್ಲಾದಿಂದ ತೆಗೆಯುವುದನ್ನೂ ನಿಲ್ಲಿಸಿ. ಪ್ರತಿ ಶನಿವಾರ ಗೊತ್ತಾದ ಒಂದು ಮೊತ್ತವನ್ನು ನಿಮ್ಮ ಪಗಾರ ಅಂತ ಮನೆಗೆ ಕೊಡಿ. ಇಷ್ಟು ಬಂದರೆ ಸಾಕು ಎಂಬ ಅಂಕಿ ಇಲ್ಲದ ಅಂಗಡಿಗೆ ಮುಚ್ಚುವ ಹೊತ್ತು ಎಂಬುದೇ ಇರುವುದಿಲ್ಲ.

ಈಗ ಆಗಸ್ಟ್, ನಿಮ್ಮ ಸುಗ್ಗಿ ಮುಗಿದಿದೆ. ಒಳ್ಳೆಯ ಸಮಯ. ಮೊದಲ ಎರಡು ವಾರ ನೋಟ್‌ಬುಕ್ ಮಾತ್ರ. ಏನೂ ಬದಲಿಸಬೇಡಿ. ಆಮೇಲೆ ಎಂಟು ವಾರ ಹೊಸ ವೇಳಾಪಟ್ಟಿ. ಗಳಿಕೆ ಹೋಲಿಸುವಾಗ ಭಾನುವಾರವನ್ನೊಂದೇ ನೋಡಿದರೆ ಮೋಸ ಹೋಗುತ್ತೀರಿ, ಅದು ಸೊನ್ನೆಯೇ ಇರುತ್ತದೆ. ಶನಿ, ಭಾನು, ಸೋಮ ಮೂರನ್ನೂ ಒಟ್ಟಿಗೆ ಕೂಡಿಸಿ, ಹಳೆಯ ಮೂರು ದಿನದ ಮೊತ್ತದ ಪಕ್ಕ ಇಡಿ. ಎಂಟು ವಾರದ ಸರಾಸರಿಯಲ್ಲಿ ಆ ಮೂರು ದಿನಕ್ಕೆ 400ಕ್ಕಿಂತ ಜಾಸ್ತಿ ಖೋತಾ ಬಿದ್ದರೆ ಮಾತ್ರ ಸಂಜೆಯ ಸಮಯವನ್ನು ಮತ್ತೆ ಎಂಟಕ್ಕೆ ಏರಿಸಿ. ಪುಟಗಳ ಫೋಟೋ ತೆಗೆದು ನನಗೂ ಕಳಿಸಿ, ಕೂಡಿಸಿ ನೋಡಿ ಉತ್ತರ ಬರೆಯುತ್ತೇನೆ. ಭಾನುವಾರ ಮಾತ್ರ ಕಳಿಸಬೇಡಿ, ನನ್ನ ಆಫೀಸಿಗೂ ಅವತ್ತು ರಜೆ.